ಕೋಚ್‌ಗೆ ಗೊತ್ತಿರಲಿಲ್ಲವಂತೆ

2023ರ ಜುಲೈ 7, ಶುಕ್ರವಾರ. ಶಿಕಾಗೋ ಪಕ್ಕದ ಎವನ್‌ಸ್ಟನ್‌ನಲ್ಲಿರುವ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ತನ್ನ ಫುಟ್ಬಾಲ್ ತಂಡದ ಬಗ್ಗೆ ಸುಮಾರು ಆರು ತಿಂಗಳು ನಡೆದ ತನಿಖೆಯ ಸಾರಾಂಶವನ್ನು ಹೊರಗೆ ಬಿಟ್ಟಿತು. ಪೂರ್ತಿ ವರದಿ ಕೊಡಲಿಲ್ಲ, ಸಾರಾಂಶ ಮಾತ್ರ. ಕೆಟ್ಟ ಸುದ್ದಿ ಹೇಳೋಕೆ ದೊಡ್ಡ ಸಂಸ್ಥೆಗಳು ಶುಕ್ರವಾರವನ್ನೇ ಯಾಕೆ ಹುಡುಕುತ್ತವೆ ಅಂತ ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಸಾರಾಂಶದಲ್ಲಿ ಮುಖ್ಯವಾಗಿ ಮೂರು ಮಾತುಗಳಿದ್ದವು. ಒಂದು, ತಂಡದಲ್ಲಿ ಹೇಜಿಂಗ್ ನಡೆಯುತ್ತಿದೆ ಎಂಬ ದೂರಿಗೆ ಬಹುಮಟ್ಟಿಗೆ ಸಾಕ್ಷ್ಯ ಸಿಕ್ಕಿದೆ. ಎರಡು, ಕೋಚ್‌ಗಳಿಗೆ ಅದು ಗೊತ್ತಿತ್ತು ಎನ್ನಲು ಸಾಕಷ್ಟು ಸಾಕ್ಷ್ಯವಿಲ್ಲ. ಮೂರು, ಗೊತ್ತು ಮಾಡಿಕೊಳ್ಳಲು ಅವರಿಗೆ ಬೇಕಾದಷ್ಟು ಅವಕಾಶಗಳಿದ್ದವು. ಈ ಮೂರನ್ನೂ ಕೂಡಿ ಕಳೆದು ಹೆಡ್ ಕೋಚ್ ಪ್ಯಾಟ್ ಫಿಟ್ಜ್‌ಜೆರಾಲ್ಡ್‌ಗೆ ಕೊಟ್ಟ ಶಿಕ್ಷೆ, ಸಂಬಳವಿಲ್ಲದ ಎರಡು ವಾರದ ಅಮಾನತು. ಅದೂ ಜುಲೈ ತಿಂಗಳಲ್ಲಿ, ಒಂದೇ ಒಂದು ಮ್ಯಾಚ್ ಇಲ್ಲದ ಹೊತ್ತಿನಲ್ಲಿ.

ಸೋಮವಾರ, ಅಂದರೆ ಜುಲೈ 10ರಂದು, ಅದೇ ವಿಶ್ವವಿದ್ಯಾಲಯ ಅದೇ ಕೋಚನ್ನು ಕೆಲಸದಿಂದ ತೆಗೆಯಿತು. ಆತ ಅಕ್ಟೋಬರ್‌ನಲ್ಲಿ 130 ಮಿಲಿಯನ್ ಡಾಲರ್ ಕೇಳಿ ಕೋರ್ಟಿಗೆ ಹೋದರು. 2025ರ ಆಗಸ್ಟ್‌ನಲ್ಲಿ ರಾಜಿಯಾಯಿತು. ಯಾವ ಆಟಗಾರನೂ ಹೇಜಿಂಗ್ ವಿಷಯವನ್ನು ಫಿಟ್ಜ್‌ಜೆರಾಲ್ಡ್‌ಗೆ ಹೇಳಿದ್ದಕ್ಕೆ ಅಥವಾ ಅವರು ಅದನ್ನು ಮಾಡಿಸಿದ್ದಕ್ಕೆ, ಒಪ್ಪಿಕೊಂಡದ್ದಕ್ಕೆ ಸಾಕ್ಷ್ಯ ಕಾಣಲಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿಕೆ ಕೊಟ್ಟಿತು. ಅದೇ ಡಿಸೆಂಬರ್‌ನಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ಅವರನ್ನು ತನ್ನ ಹೆಡ್ ಕೋಚ್ ಮಾಡಿಕೊಂಡಿತು.

ಅಮಾನತು, ವಜಾ, ರಾಜಿ. ಮೂರು ತೀರ್ಮಾನಗಳೂ ಒಂದೇ ಪದದ ಸುತ್ತ ಗಿರಕಿ ಹೊಡೆದಿವೆ: ‘ಗೊತ್ತಿತ್ತಾ?’ ನನ್ನ ತಕರಾರು ಇರೋದು ಆ ಪ್ರಶ್ನೆಯ ಬಗ್ಗೆಯೇ.

ಮೊದಲು ಸ್ವಲ್ಪ ಹಿನ್ನೆಲೆ. ಇದು ಮೆಸ್ಸಿ ಆಡುವ ಫುಟ್ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು ಒಬ್ಬರ ಮೇಲೊಬ್ಬರು ಬೀಳುತ್ತಾರಲ್ಲ, ಅದು. ಅಲ್ಲಿ ಕಾಲೇಜು ಫುಟ್ಬಾಲ್ ನಮ್ಮ ಇಂಟರ್‌ಕಾಲೇಜು ಟೂರ್ನಮೆಂಟ್ ಥರ ಅಲ್ಲ, ಐಪಿಎಲ್ ಥರ. ಟಿವಿ ಹಕ್ಕು, ತುಂಬಿದ ಸ್ಟೇಡಿಯಂ, ಹಳೆಯ ವಿದ್ಯಾರ್ಥಿಗಳ ದೇಣಿಗೆ ಎಲ್ಲ ಸೇರಿದ ದೊಡ್ಡ ವ್ಯವಹಾರ. ನಾರ್ತ್‌ವೆಸ್ಟರ್ನ್ 2018ರಲ್ಲಿ ಮಿಷಿಗನ್ ಸರೋವರದ ದಂಡೆಯ ಮೇಲೆ 270 ಮಿಲಿಯನ್ ಡಾಲರ್ ಖರ್ಚಿನ ಕ್ರೀಡಾ ಕಟ್ಟಡವನ್ನೇ ಕಟ್ಟಿಸಿತು.

ಈ ವ್ಯವಹಾರದ ನಡುಮಧ್ಯೆ ಇರೋರು ಹೆಡ್ ಕೋಚ್. ಫಿಟ್ಜ್‌ಜೆರಾಲ್ಡ್ ಅಲ್ಲಿಯದೇ ಹುಡುಗ. 1995ರಲ್ಲಿ ತಂಡ ಬಿಗ್ ಟೆನ್ ಲೀಗ್ ಗೆದ್ದಾಗ ಅದರ ಸ್ಟಾರ್ ಆಟಗಾರ. 2006ರಲ್ಲಿ ಆಗಿನ ಕೋಚ್ ರ್‍ಯಾಂಡಿ ವಾಕರ್ ಹಠಾತ್ತನೆ ತೀರಿಕೊಂಡಾಗ 31ನೇ ವಯಸ್ಸಿಗೇ ತಂಡದ ಹೊಣೆ ಹೊತ್ತವರು. 17 ಸೀಸನ್‌ಗಳಲ್ಲಿ 110 ಗೆಲುವು, 101 ಸೋಲು. ಓದಿಗೆ ಹೆಸರಾದ, ಆಟದಲ್ಲಿ ಸೋಲಿಗೆ ಹೆಸರಾಗಿದ್ದ ಒಂದು ಕಾಲೇಜಿಗೆ ಇದು ಸಣ್ಣ ಸಾಧನೆಯಲ್ಲ. 2021ರಲ್ಲಿ ಅವರ ಒಪ್ಪಂದ 2030ರವರೆಗೆ ಮುಂದುವರಿಯಿತು. ಮೊತ್ತ 57 ಮಿಲಿಯನ್ ಡಾಲರ್ ಎಂದು ವರದಿಯಾಯಿತು.

ಇನ್ನು ಹೇಜಿಂಗ್. ರ್‍ಯಾಗಿಂಗ್ ಅಂದ್ರೆ ಏನು ಅಂತ ನಮಗೆ ಗೊತ್ತು. ಹೇಜಿಂಗ್ ಅದರ ಅಣ್ಣ. ಆದರೆ ಒಂದು ವ್ಯತ್ಯಾಸವಿದೆ. ರ್‍ಯಾಗಿಂಗ್ ಮಾಡುವ ಸೀನಿಯರ್ ನಿಮ್ಮ ದಾರಿಗೆ ಅಡ್ಡ ನಿಂತಿರುತ್ತಾನೆ. ಹೇಜಿಂಗ್ ಮಾಡುವವನು ಬಾಗಿಲಲ್ಲಿ ನಿಂತಿರುತ್ತಾನೆ, ಇದನ್ನು ದಾಟಿದರೆ ನೀನೂ ನಮ್ಮವನು ಅನ್ನುತ್ತಾನೆ. ಅದೊಂದು ಪ್ರವೇಶ ಶುಲ್ಕ. ಹಾಗಾಗಿ ಕಟ್ಟಿದವನು ದೂರು ಕೊಡೋದು ಕಷ್ಟ. ಮುಂದಿನ ವರ್ಷ ಅದೇ ಶುಲ್ಕ ವಸೂಲಿ ಮಾಡುವ ಕಡೆ ತಾನೇ ನಿಂತಿರುತ್ತಾನೆ. ಆಮೇಲಂತೂ ಬಾಯಿ ಬಿಡೋದು ಇನ್ನೂ ಕಷ್ಟ, ಯಾಕೆಂದರೆ ಈಗ ಅವನ ಕೈಯೂ ಕೆಸರು.

ನಾರ್ತ್‌ವೆಸ್ಟರ್ನ್‌ನಲ್ಲಿ 2022ರ ಸೀಸನ್ ಮುಗಿಯುತ್ತಿದ್ದಂತೆ ಒಂದು ಅನಾಮಧೇಯ ಇಮೇಲ್ ಬಂತು. ಇಲಿನಾಯ್ ರಾಜ್ಯದ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದ ವಕೀಲೆ ಮ್ಯಾಗಿ ಹಿಕ್ಕಿ ತನಿಖೆ ನಡೆಸಿದರು. 50ಕ್ಕೂ ಹೆಚ್ಚು ಮಂದಿಯನ್ನು ಮಾತಾಡಿಸಿದರು. ಜುಲೈ 7ರ ಸಾರಾಂಶದಲ್ಲಿ ‘ಹೇಜಿಂಗ್’ ಎಂಬ ಪದವಿತ್ತು, ಹೇಜಿಂಗ್ ಇರಲಿಲ್ಲ. ಏನು ನಡೆಯಿತು, ಯಾರಿಗೆ ಏನು ಮಾಡಿದರು ಎಂಬುದೇ ಅದರಲ್ಲಿ ಕಾಣುತ್ತಿರಲಿಲ್ಲ. ಹೂತಿಟ್ಟಂತಿದ್ದ ಆ ಪದವನ್ನು ಅಗೆದು ತೆಗೆದದ್ದು ಮರುದಿನ, ಜುಲೈ 8ರಂದು, ‘ದಿ ಡೈಲಿ ನಾರ್ತ್‌ವೆಸ್ಟರ್ನ್’ ಎಂಬ ವಿದ್ಯಾರ್ಥಿ ಪತ್ರಿಕೆ. ತಂಡ ಬಿಟ್ಟಿದ್ದ ಆಟಗಾರನೊಬ್ಬ ಅವರ ಜೊತೆ ಮಾತಾಡಿದ್ದ. ಅಭ್ಯಾಸದಲ್ಲಿ ತಪ್ಪು ಮಾಡಿದ ಜೂನಿಯರ್‌ಗಳನ್ನು ಮುಖವಾಡ ಹಾಕಿದ ಎಂಟು-ಹತ್ತು ಸೀನಿಯರ್‌ಗಳು ಲಾಕರ್ ರೂಮಿನ ಕತ್ತಲಲ್ಲಿ ಹಿಡಿದುಹಾಕಿ ಲೈಂಗಿಕ ಚೇಷ್ಟೆ ಮಾಡುತ್ತಿದ್ದರು ಎಂಬುದು ಆರೋಪ. ಯಾರ ಸರದಿ ಎಂದು ಬಿಳಿ ಹಲಗೆಯ ಮೇಲೆ ಹೆಸರು ಬರೆಯುತ್ತಿದ್ದರು ಎಂಬುದು ಇನ್ನೊಂದು. ಬಲವಂತದ ಪಾಲ್ಗೊಳ್ಳುವಿಕೆ, ನಗ್ನತೆ, ಅವಮಾನಕರ ಲೈಂಗಿಕ ಕೃತ್ಯಗಳು ಇದರಲ್ಲಿ ಸೇರಿದ್ದವು ಎಂದು ವಿಶ್ವವಿದ್ಯಾಲಯದ ಅಧ್ಯಕ್ಷ ಮೈಕಲ್ ಶಿಲ್ ಎರಡು ದಿನಗಳ ನಂತರ ತಮ್ಮ ಪತ್ರದಲ್ಲಿ ಬರೆದರು. 11 ಮಂದಿ ಹಾಲಿ ಮತ್ತು ಮಾಜಿ ಆಟಗಾರರು ಒಪ್ಪಿಕೊಂಡಿದ್ದಾರೆ, ತಂಡದಲ್ಲಿ ಹಲವರಿಗೆ ಇದು ಚೆನ್ನಾಗಿ ಗೊತ್ತಿತ್ತು ಎಂದೂ ಅದರಲ್ಲಿತ್ತು.

ಹಲವರಿಗೆ ಗೊತ್ತಿತ್ತು. ಕೋಚ್‌ಗೆ ಮಾತ್ರ ಗೊತ್ತಿರಲಿಲ್ಲ. ತಮಗೆ ಏನೂ ತಿಳಿದಿರಲಿಲ್ಲ ಎಂದು ಫಿಟ್ಜ್‌ಜೆರಾಲ್ಡ್ ಮೊದಲ ದಿನದಿಂದ ಹೇಳುತ್ತಾ ಬಂದಿದ್ದಾರೆ. ಅದನ್ನು ಸುಳ್ಳು ಎನ್ನಲು ಯಾರ ಹತ್ತಿರವೂ ಪುರಾವೆ ಇಲ್ಲ. ಸರಿ, ನಿಜ ಅಂತಲೇ ಇಟ್ಟುಕೊಳ್ಳೋಣ. ನಿಜವಾದರೆ ಆಗ ಏಳುವ ಪ್ರಶ್ನೆಗಳು ಇನ್ನೂ ಕಷ್ಟದವು.

ಇಲ್ಲಿ ಒಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. 2014ರಲ್ಲಿ ಇದೇ ನಾರ್ತ್‌ವೆಸ್ಟರ್ನ್ ತಂಡದ ಆಟಗಾರರು ಕ್ವಾರ್ಟರ್‌ಬ್ಯಾಕ್ ಕೇನ್ ಕೋಲ್ಟರ್ ಮುಂದಾಳತ್ವದಲ್ಲಿ ಒಂದು ಅಪರೂಪದ ಕೆಲಸ ಮಾಡಿದರು. ನಾವು ಬರೀ ವಿದ್ಯಾರ್ಥಿಗಳಲ್ಲ, ನೌಕರರೂ ಹೌದು, ನಮಗೆ ಯೂನಿಯನ್ ಬೇಕು ಎಂದು ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ಅರ್ಜಿ ಹಾಕಿದರು. ಮಂಡಳಿಯ ಶಿಕಾಗೋ ಪ್ರಾದೇಶಿಕ ನಿರ್ದೇಶಕ ಪೀಟರ್ ಸಂಗ್ ಓರ್ ಮಾರ್ಚ್‌ನಲ್ಲಿ ಆಟಗಾರರ ಪರ ತೀರ್ಪು ಕೊಟ್ಟರು. ಆ ತೀರ್ಪು ಓದಲೇಬೇಕಾದ ದಾಖಲೆ. ಯಾಕೆಂದರೆ ಹೇಜಿಂಗ್ ಸುದ್ದಿ ಯಾರ ಕಿವಿಗೂ ಬೀಳದ ಕಾಲದಲ್ಲಿ, ಬೇರೆಯದೇ ಕಾರಣಕ್ಕೆ, ಕೋಚ್‌ಗೆ ಏನೇನು ಗೊತ್ತಿರುತ್ತೆ ಎಂಬುದನ್ನು ಅದು ಪಟ್ಟಿ ಮಾಡಿದೆ.

ಆಗಸ್ಟ್ ತರಬೇತಿ ಶಿಬಿರದಲ್ಲಿ ಆಟಗಾರರು ವಾರಕ್ಕೆ 50ರಿಂದ 60 ಗಂಟೆ, ಸೀಸನ್ ಶುರುವಾದ ಮೇಲೆ 40ರಿಂದ 50 ಗಂಟೆ ಆಟಕ್ಕೆ ಕೊಡುತ್ತಿದ್ದರು. ಸೀನಿಯರ್ ಆಟಗಾರ ಹೊರಗೆ ಮನೆ ಮಾಡಬೇಕಾದರೆ ಬಾಡಿಗೆ ಕರಾರನ್ನು ಮೊದಲು ಕೋಚ್‌ಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ಯಾವ ಗಾಡಿ ಓಡಿಸ್ತೀಯ ಅಂತ ತಿಳಿಸಬೇಕು. ಹೊರಗೆ ಕೆಲಸಕ್ಕೆ ಸೇರೋಕೂ ಅನುಮತಿ ಬೇಕು. ಸೋಷಿಯಲ್ ಮೀಡಿಯಾದಲ್ಲಿ ಏನು ಹಾಕಬೇಕು, ಹಾಕಬಾರದು ಅನ್ನೋದಕ್ಕೆ ನಿಯಮ. ಕೋಚ್ ಕಳಿಸಿದ ಫ್ರೆಂಡ್ ರಿಕ್ವೆಸ್ಟನ್ನು ನಿರಾಕರಿಸುವ ಹಾಗಿಲ್ಲ.

ಈಗ ಹೇಳಿ. ಆಟಗಾರನ ಬಾಡಿಗೆ ಕರಾರು ಗೊತ್ತು, ಗಾಡಿ ಗೊತ್ತು, ಫೇಸ್‌ಬುಕ್ ಗೊತ್ತು. ಅವರದೇ ಕಟ್ಟಡದ ಲಾಕರ್ ರೂಮಿನ ಬಿಳಿ ಹಲಗೆ ಮಾತ್ರ ಗೊತ್ತಿಲ್ಲ. ಇದನ್ನು ನಂಬುವುದಾದರೆ ಒಂದೇ ಅರ್ಥ ಉಳಿಯುತ್ತದೆ: ಈ ವ್ಯವಸ್ಥೆಗೆ ಆಟಗಾರನಿಂದ ಸಂಸ್ಥೆಯ ಹೆಸರಿಗೆ ಏನಾಗಬಹುದು ಎಂಬುದನ್ನು ನೋಡೋಕೆ ಕಣ್ಣುಗಳಿದ್ದವು. ಆಟಗಾರನಿಗೆ ಏನಾಗ್ತಿದೆ ಅಂತ ನೋಡೋಕೆ ಇರಲಿಲ್ಲ. ಅದು ಕೋಚ್‌ನ ಮರೆವಲ್ಲ, ವ್ಯವಸ್ಥೆಯನ್ನು ಕಟ್ಟಿದ ರೀತಿಯೇ ಹಾಗೆ.

ಯೂನಿಯನ್ ಕಥೆ ಏನಾಯಿತು? ಫಿಟ್ಜ್‌ಜೆರಾಲ್ಡ್ ಅದನ್ನು ವಿರೋಧಿಸಿದರು, ಬೇಡ ಎಂದು ಮತ ಹಾಕಿ ಅಂತ ಆಟಗಾರರನ್ನು ಕೇಳಿಕೊಂಡರು. 2014ರ ಏಪ್ರಿಲ್‌ನಲ್ಲಿ ಮತದಾನವಾಯಿತು. ಆ ಮತಗಳನ್ನು ಎಣಿಸಲೇ ಇಲ್ಲ. 2015ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ನಿನ ಮಂಡಳಿ, ಈ ಪ್ರಕರಣದಲ್ಲಿ ನಾವು ಕೈ ಹಾಕುವುದಿಲ್ಲ ಎಂದು ಬದಿಗಿಟ್ಟಿತು. ಯೂನಿಯನ್ ಇದ್ದಿದ್ದರೆ ಹೇಜಿಂಗ್ ಇರುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆ ಮಾತಿಗೆ ಆಧಾರವಿಲ್ಲ. ಆದರೆ ಹದಿನೆಂಟರ ಹುಡುಗನೊಬ್ಬನಿಗೆ ಕೋಚ್‌ನ ಕೈಕೆಳಗಿಲ್ಲದ ಒಬ್ಬ ಮನುಷ್ಯ ಸಿಕ್ಕಿರುತ್ತಿದ್ದ. ದೂರು ಒಯ್ಯೋಕೆ ಒಂದು ಬಾಗಿಲಾದರೂ ಇರುತ್ತಿತ್ತು. ಇದ್ದದ್ದು ಕೋಚ್‌ನ ಬಾಗಿಲು ಮಾತ್ರ. ಅವನ ಸ್ಕಾಲರ್‌ಶಿಪ್, ಮೈದಾನದಲ್ಲಿ ಆಡುವ ಅವಕಾಶ, ಮುಂದೆ ಎನ್‌ಎಫ್‌ಎಲ್ ಕನಸು, ಎಲ್ಲಕ್ಕೂ ಅದೇ ಬಾಗಿಲು. ಅಲ್ಲಿ ಹೋಗಿ ಹೇಳಲಿಲ್ಲ ಅನ್ನೋದು ಸಾಕ್ಷ್ಯದ ಕೊರತೆಯೋ, ಅದೇ ಒಂದು ಸಾಕ್ಷ್ಯವೋ?

ಇದಕ್ಕೆ ಉತ್ತರ ಜುಲೈ 7ರ ಸಾರಾಂಶದಲ್ಲೇ ಇದೆ, ಯಾರೂ ಅಷ್ಟಾಗಿ ಗಮನಿಸಲಿಲ್ಲ. ಇನ್ನು ಮುಂದೆ ಲಾಕರ್ ರೂಮಿಗೆ ಒಬ್ಬ ಮೇಲ್ವಿಚಾರಕರು ಇರುತ್ತಾರೆ, ಅವರು ಫುಟ್ಬಾಲ್ ಸಿಬ್ಬಂದಿಗೆ ವರದಿ ಮಾಡುವುದಿಲ್ಲ. ಹೆಸರು ಹೇಳದೆ ದೂರು ಕೊಡುವ ವ್ಯವಸ್ಥೆ ತರುತ್ತೇವೆ. ವಿಸ್ಕಾನ್ಸಿನ್ ರಾಜ್ಯದ ಕೆನೋಶಾದಲ್ಲಿ ನಡೆಯುತ್ತಿದ್ದ ಶಿಬಿರ ನಿಲ್ಲಿಸುತ್ತೇವೆ. ಮದ್ದು ನೋಡಿದರೆ ರೋಗ ಯಾವುದು ಅಂತ ಗೊತ್ತಾಗುತ್ತೆ. ಕೋಚ್‌ಗೆ ವರದಿ ಮಾಡದ ಒಬ್ಬರು ಬೇಕು ಎಂದು ಬರೆಯುವಾಗ, ಅಂಥವರು ಇಷ್ಟು ದಿನ ಇರಲಿಲ್ಲ ಎಂದೇ ಒಪ್ಪಿಕೊಂಡಂತಾಯಿತು.

ಇನ್ನೊಂದು ವಿಚಿತ್ರ ನೋಡಿ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯ ನಿಯಮದ ಪ್ರಕಾರ 2023ರ ಜನವರಿಯಿಂದ, ಸಹಾಯಕ ಕೋಚ್ ಒಬ್ಬ ಆಟಗಾರರನ್ನು ಸೆಳೆಯೋಕೆ ನಿಯಮ ಮೀರಿದರೆ, ಉದಾಹರಣೆಗೆ ಕೈಯಲ್ಲಿ ದುಡ್ಡು ಇಟ್ಟರೆ, ಹೆಡ್ ಕೋಚ್ ತಾನಾಗಿಯೇ ಹೊಣೆಗಾರ. ‘ನನಗೆ ಗೊತ್ತಿರಲಿಲ್ಲ’ ಎಂದು ನುಣುಚಿಕೊಳ್ಳೋಕೆ ಆಗದು. ಆ ನಿಯಮ ಸಿಬ್ಬಂದಿಯ ತಪ್ಪಿಗೆ ಮಾತ್ರ, ಆಟಗಾರರು ಪರಸ್ಪರ ಮಾಡಿಕೊಳ್ಳುವುದಕ್ಕಲ್ಲ. ಗಮನಿಸಬೇಕಾದ್ದು ಅದನ್ನೇ. ಸ್ಪರ್ಧೆ ಕೆಡಿಸುವ ಹಣದ ವಿಷಯದಲ್ಲಿ ‘ಗೊತ್ತಿರಲೇಬೇಕಿತ್ತು’ ಎಂಬ ಗಟ್ಟಿ ನಿಯಮ ಬರೆಯೋಕೆ ಇವರಿಗೆ ಬರುತ್ತೆ. ಹುಡುಗನೊಬ್ಬನ ಮೈಮೇಲೆ ಕೈ ಬಿದ್ದಾಗ ಮಾತ್ರ ಗೊತ್ತಿತ್ತಾ, ಗೊತ್ತಿರಲಿಲ್ವಾ ಎಂಬ ಜಿಜ್ಞಾಸೆ ಶುರು.

ನಮ್ಮಲ್ಲಿ 2009ರಲ್ಲಿ ಹಿಮಾಚಲದ ಮೆಡಿಕಲ್ ವಿದ್ಯಾರ್ಥಿಯೊಬ್ಬ ರ್‍ಯಾಗಿಂಗ್‌ಗೆ ಬಲಿಯಾದ ಮೇಲೆ ಯುಜಿಸಿ ತಂದ ನಿಯಮಗಳು ಕನಿಷ್ಠ ಕಾಗದದ ಮೇಲಾದರೂ ಹೊಣೆಯನ್ನು ಕಾಲೇಜಿನ ಮೇಲೆ ಹೊರಿಸಿವೆ. ದೂರು ಬಂದ 24 ಗಂಟೆಯೊಳಗೆ ಪೊಲೀಸರ ಬಳಿ ಹೋಗಬೇಕಾದವರು ಸಂಸ್ಥೆಯ ಮುಖ್ಯಸ್ಥರು. ಕಾಗದದ ನಿಯಮ ಹಾಸ್ಟೆಲ್ ರೂಮಿನೊಳಗೆ ಎಷ್ಟು ತಲುಪುತ್ತೆ ಅನ್ನೋದು ಬೇರೆ ಲೇಖನದ ವಿಷಯ. ಅಮೆರಿಕದಲ್ಲೂ 2024ರ ಡಿಸೆಂಬರ್‌ನಲ್ಲಿ ಹೇಜಿಂಗ್ ವಿರುದ್ಧ ಫೆಡರಲ್ ಕಾನೂನು ಬಂತು. ಹೇಜಿಂಗ್ ಅಂಕಿಅಂಶಗಳನ್ನು ಕಾಲೇಜುಗಳು ಪ್ರಕಟಿಸಬೇಕು, ತಪ್ಪು ಮಾಡಿದ್ದು ಸಾಬೀತಾದ ಸಂಘಟನೆಗಳ ಹೆಸರನ್ನು ಸಾರ್ವಜನಿಕವಾಗಿ ಹಾಕಬೇಕು. ಮುಂದೆ ಶುಕ್ರವಾರದ ಸಾರಾಂಶಗಳು ಇಷ್ಟು ಸುಲಭವಾಗದಿರಲಿ ಎಂಬ ಆಸೆ.

ಈಗ ಕೋಚ್ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನ್ಯಾಯವಲ್ಲ. ಜುಲೈ 7ರಿಂದ 10ರ ನಡುವೆ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಏನು ಗೊತ್ತಾಯಿತು? ತನಿಖೆಯ ಪೂರ್ತಿ ವರದಿ ಅವರ ಮೇಜಿನ ಮೇಲೆ ಮೊದಲೇ ಇತ್ತು. ಬದಲಾದದ್ದು ಒಂದೇ: ಪತ್ರಿಕೆಯಲ್ಲಿ ಬಂತು, ಊರಿಗೆಲ್ಲ ಗೊತ್ತಾಯಿತು. ಎಂಟರ ರಾತ್ರಿ ಶಿಲ್, ಶಿಕ್ಷೆ ನಿರ್ಧರಿಸುವಾಗ ನಾನು ತಪ್ಪಿರಬಹುದು ಎಂದರು; ಹತ್ತರಂದು ವಜಾ ಮಾಡಿದರು. ಎರಡು ವಾರದ ಅಮಾನತಿಗೆ ಮಾತಿನ ಒಪ್ಪಂದವಾಗಿತ್ತು, ಅದನ್ನು ಮುರಿದರು ಎಂಬುದೇ ಫಿಟ್ಜ್‌ಜೆರಾಲ್ಡ್ ದಾವೆಯ ಮುಖ್ಯ ವಾದ. ತಂಡದ ಸಂಸ್ಕೃತಿಗೆ ಕೊನೆಗೂ ಹೆಡ್ ಕೋಚೇ ಹೊಣೆ ಎಂದು ಶಿಲ್ ತಮ್ಮ ಪತ್ರದಲ್ಲಿ ಬರೆದದ್ದು ಸರಿಯಾದ ಮಾತೇ. ಆದರೆ ಸೋಮವಾರ ಸರಿಯಾದ ಮಾತು ಶುಕ್ರವಾರ ಯಾಕೆ ಹೊಳೆಯಲಿಲ್ಲ? ಕೋಚ್ ತಂಡದ ಸಂಸ್ಕೃತಿಗೆ ಹೊಣೆಯಾದರೆ, ಅಧ್ಯಕ್ಷರು ಯಾವುದಕ್ಕೆ ಹೊಣೆ? ಮಾನ ಹೋದಾಗ ಒಬ್ಬನನ್ನು ಮನೆಗೆ ಕಳಿಸೋದಕ್ಕೂ ಹೊಣೆಗಾರಿಕೆಗೂ ಬಹಳ ದೂರ. ಆ ದೂರವನ್ನು ದಾಟದ ಕಾರಣಕ್ಕೇ, ಎರಡು ವರ್ಷದ ನಂತರ ಅದೇ ವಿಶ್ವವಿದ್ಯಾಲಯ ತನ್ನ ನಿರ್ಧಾರದ ಕಾಲ ಕೆಳಗಿನ ಜಮಖಾನೆ ತಾನೇ ಎಳೆಯುವಂಥ ಹೇಳಿಕೆಗೆ ಸಹಿ ಹಾಕಬೇಕಾಯಿತು.

ಈ ಜಗ್ಗಾಟದಲ್ಲಿ ಕಳೆದುಹೋದವರು ದೂರು ಕೊಟ್ಟವರು. ಜುಲೈ 8ರಂದೇ ‘ಇಡೀ ತಂಡ’ದ ಹೆಸರಿನಲ್ಲಿ, ಯಾರ ಸಹಿಯೂ ಇಲ್ಲದ ಒಂದು ಪತ್ರ ಬಂತು: ಆರೋಪಗಳು ಉತ್ಪ್ರೇಕ್ಷೆ, ನಾವೆಲ್ಲ ಕೋಚ್ ಜೊತೆಗಿದ್ದೇವೆ. ಇಡೀ ತಂಡ ಅಂದಮೇಲೆ ಒಪ್ಪದವನಿಗೆ ಅದರಲ್ಲಿ ಜಾಗ ಎಲ್ಲಿ? ಆಗಸ್ಟ್‌ನ ಅಭ್ಯಾಸದ ವೇಳೆ ಸಿಬ್ಬಂದಿಯಲ್ಲೇ ಕೆಲವರು ‘ಲೋಕದ ವಿರುದ್ಧ ಕ್ಯಾಟ್ಸ್’ ಎಂಬರ್ಥದ ಟೀ ಶರ್ಟ್ ತೊಟ್ಟು ಬಂದರು, ಜೊತೆಗೆ 51 ಎಂಬ ಸಂಖ್ಯೆ, ಫಿಟ್ಜ್‌ಜೆರಾಲ್ಡ್ ಆಡುತ್ತಿದ್ದಾಗಿನ ನಂಬರ್. ಕ್ಯಾಟ್ಸ್ ಅಂದರೆ ವೈಲ್ಡ್‌ಕ್ಯಾಟ್ಸ್, ಅವರ ತಂಡ. ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರೇ ಅದನ್ನು ಖಂಡಿಸಬೇಕಾಯಿತು. ಆ ಟೀ ಶರ್ಟಿನ ಲೆಕ್ಕದಲ್ಲಿ, ಅದೇ ಜೆರ್ಸಿ ತೊಟ್ಟು ಆಡಿ, ಬಳಿಕ ಬಾಯಿ ಬಿಟ್ಟ ಹುಡುಗರು ‘ಕ್ಯಾಟ್ಸ್’ ಕಡೆಯೋ, ‘ಲೋಕ’ದ ಕಡೆಯೋ? ಆಮೇಲೆ ಹಂಗಾಮಿ ಕೋಚ್ ಡೇವಿಡ್ ಬ್ರಾನ್ ಕೈಯಲ್ಲಿ, ಹಿಂದಿನ ವರ್ಷ 12ರಲ್ಲಿ ಒಂದೇ ಒಂದು ಗೆದ್ದಿದ್ದ ತಂಡ ಎಂಟು ಮ್ಯಾಚ್ ಗೆದ್ದಿತು. ವರ್ಷದ ಸುಂದರ ಕಥೆ ಎಂದು ಎಲ್ಲರೂ ಬರೆದರು. ಗೆಲುವು ಬಂದ ಮೇಲೆ ಬಿಳಿ ಹಲಗೆಯ ನೆನಪು ಯಾರಿಗೆ ಬೇಕು? ಆಟಗಾರರ ದಾವೆಗಳೂ 2025ರಲ್ಲಿ ರಾಜಿಯ ದಾರಿ ಹಿಡಿದವು.

‘ನಾವೆಲ್ಲ ಒಂದು ಫ್ಯಾಮಿಲಿ’ ಅನ್ನೋ ಮಾತನ್ನು ಕಂಪನಿಯ ಟೌನ್‌ಹಾಲ್‌ನಲ್ಲಿ ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಮನೆ ಮಾತು ಹೊರಗೆ ಹೋಗಬಾರದು ಎಂಬುದೂ ಕುಟುಂಬದ ನಿಯಮವೇ ಅಲ್ವಾ. ಕೆಲಸದ ಜಾಗವನ್ನೋ ತಂಡವನ್ನೋ ಕುಟುಂಬ ಎಂದು ಕರೆಯುವವರು ಆ ನಿಯಮವನ್ನೂ ಜೊತೆಗೇ ತರುತ್ತಾರೆ. ಹಾಗೆ ಬಾಯಿ ಕಟ್ಟಿದ ಜಾಗದಲ್ಲಿ ಯಜಮಾನನಿಗೆ ನಿಜವಾಗಿಯೂ ಏನೂ ಗೊತ್ತಾಗುವುದಿಲ್ಲ. ‘ಗೊತ್ತಿತ್ತಾ?’ ಎಂಬ ಪ್ರಶ್ನೆ ಅವನಿಗೆ ಬಹುಮಾನ ಕೊಡುವ ಪ್ರಶ್ನೆ, ಕಡಿಮೆ ನೋಡಿದವನಿಗೆ ಹೆಚ್ಚು ಅಂಕ. ಕೇಳಬೇಕಾದದ್ದು ಬೇರೆ: ನಿನ್ನ ತಂಡದ ಅತಿ ಚಿಕ್ಕ ಹುಡುಗ ನಿನ್ನನ್ನು ದಾಟಿಕೊಂಡು, ಏನನ್ನೂ ಕಳೆದುಕೊಳ್ಳದೆ, ಯಾರಿಗೆ ಹೇಳಬಹುದಿತ್ತು? ಆ ದಾರಿಯನ್ನು ನೀನು ತೆರೆದಿದ್ದೆಯಾ? ಇದಕ್ಕೆ ಉತ್ತರಿಸೋಕೆ ಯಾರ ಮನಸ್ಸಿನೊಳಗೂ ಇಣುಕಬೇಕಿಲ್ಲ. ಹೌದು ಅಥವಾ ಇಲ್ಲ, ಅಷ್ಟೇ.

ಫಿಟ್ಜ್‌ಜೆರಾಲ್ಡ್ ಈಗ ಹೋಗಿರುವ ಮಿಷಿಗನ್ ಸ್ಟೇಟ್ ಯಾವುದು ಅಂತ ನೆನಪಿದೆಯಾ? ಲ್ಯಾರಿ ನಾಸರ್ ಎಂಬ ವೈದ್ಯ ವರ್ಷಗಟ್ಟಲೆ ಚಿಕಿತ್ಸೆಯ ನೆಪದಲ್ಲಿ ನೂರಾರು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ವಿಶ್ವವಿದ್ಯಾಲಯ. 2018ರಲ್ಲಿ ಸಂತ್ರಸ್ತೆಯರಿಗೆ 500 ಮಿಲಿಯನ್ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡ ಸಂಸ್ಥೆ. ನಮಗೆ ಗೊತ್ತಿರಲಿಲ್ಲ ಎಂಬ ಮಾತಿನ ಬೆಲೆ ಎಷ್ಟು ಅಂತ ಅವರಿಗಿಂತ ಚೆನ್ನಾಗಿ ತಿಳಿದವರು ಇರಲಾರರು. ಹೊಸ ಕೋಚನ್ನು ಕೂರಿಸಿಕೊಂಡು, ಎವನ್‌ಸ್ಟನ್‌ನಲ್ಲಿ ನಿಮಗೆ ಗೊತ್ತಿತ್ತಾ ಎಂದು ಖಂಡಿತ ಕೇಳಿರುತ್ತಾರೆ. ಇಲ್ಲಿ ಗೊತ್ತಾಗುವುದಕ್ಕೆ ಏನು ಏರ್ಪಾಡು ಮಾಡುತ್ತೀರಿ ಎಂದೂ ಕೇಳಿದರೆ, ಮುಂದಿನ ಆಗಸ್ಟ್‌ನಲ್ಲಿ ಅಲ್ಲಿಗೆ ಬಂದಿಳಿಯುವ ಹದಿನೆಂಟರ ಹುಡುಗನಿಗೆ ಅದರಿಂದ ಏನಾದರೂ ಉಪಯೋಗವಾದೀತು.